ಕಾಡುಮೃಗಗಳ ಹಿಂಡೂ ಮನುಷ್ಯನ ಗದ್ದಲವೂ

ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ವರ್ಷದ ಹನ್ನೆರಡು ತಿಂಗಳೂ ತಪ್ಪದೆ ಕಾಣಸಿಗುವ ಶಬ್ದವೊಂದಿದೆ. ಅದು ‘ಹಾವಳಿ’ ಎಂಬುದು. ಕಾಡಾನೆಯ ಹಾವಳಿ, ಕಾಡುಹಂದಿಯ ಹಾವಳಿ, ಮಂಗಗಳ ಹಾವಳಿ ಎಂದು ಒಂದಲ್ಲ ಒಂದು ಮೂಲೆಯಲ್ಲಿ ಅದು ಅಚ್ಚಾಗಿರುತ್ತದೆ. ಅದನ್ನು ಓದುವಾಗ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವೂ ಒಂದೇ: ನಾವು ನಮ್ಮಷ್ಟಕ್ಕೆ ನೆಮ್ಮದಿಯಿಂದ ಇದ್ದೆವು, ಮೃಗಗಳು ಎಲ್ಲಿಂದಲೋ ಬಂದು ಆ ನೆಮ್ಮದಿಯನ್ನು ಕೆಡಿಸಿದುವು. ಈ ಚಿತ್ರದಲ್ಲಿ ಅರ್ಧ ಸತ್ಯವಿದೆ. ಒಂದು ರಾತ್ರಿಯಲ್ಲಿ ನೂರು ಬಾಳೆಯನ್ನೂ ಐವತ್ತು ಅಡಿಕೆ ಸಸಿಯನ್ನೂ ಕಳೆದುಕೊಂಡ ಕೃಷಿಕನ ನಷ್ಟವು ಕಟ್ಟುಕಥೆಯಲ್ಲ. ಆದರೆ ಸತ್ಯದ ಉಳಿದರ್ಧವನ್ನು ಯಾರೂ ಅಚ್ಚುಮಾಡುವುದಿಲ್ಲ. ಮೃಗಗಳ ನೆಮ್ಮದಿಯನ್ನು ನಾವು ಕೆಡಿಸಿದುದು ಹೇಗೆ, ಅದರಿಂದ ಅವುಗಳ ನಡತೆಯು ಏನಾಯಿತು, ಹಾಗೆ ಬದಲಾದ ನಡತೆಯೇ ತಿರುಗಿ ನಮ್ಮ ತೋಟದ ತಡಮೆಯ ಬಳಿಗೆ ಬಂದುದು ಹೇಗೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಇದು ಪ್ರಾಣಿಶಾಸ್ತ್ರ ಓದುವವರ ವಿಷಯ, ಬಿ.ಎ. ತರಗತಿಯವನಿಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕಾಡುಮೃಗದ ನಡತೆಯ ಹಿಂದೆ ಪೇಟೆಯ ಧಾರಣೆ, ಭೂಮಿಯ ಹಕ್ಕು, ರಸ್ತೆಯ ಯೋಜನೆ, ಸರಕಾರದ ಕಾಯಿದೆ ಇವೆಲ್ಲವೂ ಅಡಗಿವೆ ಎಂಬುದನ್ನು ಮುಂದೆ ನೋಡಲಿದ್ದೇವೆ. ಇವು ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರಗಳ ವಿಷಯವಲ್ಲವಾದರೆ ಮತ್ತೆ ಯಾವುದರ ವಿಷಯ?

ಮೊದಲು ಹಿಂಡು ಎಂದರೇನೆಂದು ನೋಡೋಣ. ಹುಲಿ ಚಿರತೆಗಳು ಒಂಟಿಯಾಗಿ ಬಾಳುವ ಪ್ರಾಣಿಗಳು. ಆನೆ, ಕಾಡುಕೋಣ, ಚುಕ್ಕೆ ಜಿಂಕೆ, ಕಾಡುಹಂದಿಗಳು ಕೂಡಿ ಬಾಳುವ ಪ್ರಾಣಿಗಳು. ಹುಲ್ಲು ಮೇಯುವ ಪ್ರಾಣಿಯು ಮೇಯಬೇಕಾದರೆ ತಲೆ ತಗ್ಗಿಸಬೇಕು. ತಲೆ ತಗ್ಗಿಸಿದಾಗ ಶತ್ರುವು ಕಾಣದು. ಹತ್ತು ಪ್ರಾಣಿಗಳು ಜೊತೆಗಿದ್ದರೆ ಒಂದು ಕಾವಲಿರುವಾಗ ಒಂಬತ್ತು ಮೇಯಬಹುದು. ಇದು ಹಿಂಡಿನ ಮೊದಲನೆಯ ಪ್ರಯೋಜನ. ಎರಡನೆಯದು ತಿಳಿವಳಿಕೆಯ ಪ್ರಯೋಜನ. ಆನೆಯ ಹಿಂಡೆಂದರೆ ಅಜ್ಜಿ, ಅವಳ ಹೆಣ್ಣುಮಕ್ಕಳು, ಮೊಮ್ಮಕ್ಕಳು ಕೂಡಿದ ಒಂದು ಸಂಸಾರ. ಗಂಡುಮರಿಯು ಪ್ರಾಯಕ್ಕೆ ಬಂದ ಮೇಲೆ ಹಿಂಡನ್ನು ಬಿಟ್ಟುಹೋಗುತ್ತದೆ. ಹೆಣ್ಣು ಅಲ್ಲಿಯೇ ಉಳಿಯುತ್ತದೆ. ಅಳಿಯಕಟ್ಟಿನ ಕುಟುಂಬಗಳನ್ನು ಬಲ್ಲ ತುಳುನಾಡಿನವರಿಗೆ ಈ ಏರ್ಪಾಡು ಹೊಸದೆಂದು ತೋರಲಾರದು. ಬರಗಾಲದಲ್ಲಿ ನೀರು ಎಲ್ಲಿ ಸಿಕ್ಕುತ್ತದೆ, ಯಾವ ತಿಂಗಳಲ್ಲಿ ಯಾವ ಕಾಡಿನಲ್ಲಿ ಬಿದಿರು ಚಿಗುರುತ್ತದೆ, ಯಾವ ದಾರಿಯಲ್ಲಿ ಅಪಾಯವಿದೆ ಎಂಬುದೆಲ್ಲ ಆ ಹಿರಿಯಳ ನೆನಪಿನಲ್ಲಿರುತ್ತದೆ. ಅವಳೊಬ್ಬಳು ಹೋದರೆ ಹಿಂಡಿಗೆ ಒಂದು ಪುಸ್ತಕಭಂಡಾರವೇ ಹೋದಂತೆ.

ಕಾಡುಕೋಣವನ್ನು ಮಲೆನಾಡಿನವರು ಕಾಟಿ ಎನ್ನುತ್ತಾರೆ. ಹೆಸರಿನಲ್ಲಿ ಕೋಣವಿದ್ದರೂ ಅದು ಎಮ್ಮೆಯ ಜಾತಿಯದಲ್ಲ; ದನದ ಜಾತಿಗೆ ಸೇರಿದ್ದು. ಬೆಳೆದ ಗಂಡು ಎಂಟುನೂರರಿಂದ ಸಾವಿರ ಕಿಲೋವರೆಗೂ ತೂಗಬಲ್ಲುದು. ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತಿರುವ ಈ ದೈತ್ಯಪ್ರಾಣಿಯ ಸ್ವಭಾವವು ಮಾತ್ರ ಬಹಳ ಅಂಜಿಕೆಯದು. ಮನುಷ್ಯನ ವಾಸನೆ ಬಂದರೆ ಒಮ್ಮೆ ಬುಸುಗುಟ್ಟಿ ಹಿಂಡೆಲ್ಲವೂ ಕಾಡಿನೊಳಗೆ ಕರಗಿಹೋಗುತ್ತದೆ. ಇಂಥ ಪ್ರಾಣಿಯು ನಡುಹಗಲಿನಲ್ಲಿ ಡಾಮರು ರಸ್ತೆಯ ಮೇಲೆ ನಿಂತಿದೆಯೆಂದರೆ ಅದರ ಬಾಳಿನಲ್ಲಿ ಏನೋ ಬುಡಮೇಲಾಗಿದೆ ಎಂದೇ ತಿಳಿಯಬೇಕು.

ಮನುಷ್ಯನ ಗದ್ದಲವು ಹಿಂಡಿನ ಮೂರು ಸಂಗತಿಗಳನ್ನು ಕೆಡಿಸುತ್ತದೆಂದು ನನ್ನ ಅಭಿಪ್ರಾಯ: ಅದರ ಹೊತ್ತು, ಅದರ ತಾಣ, ಅದರ ಸಹವಾಸ.

ಹೊತ್ತಿನ ವಿಚಾರ ಮೊದಲು. ೨೦೧೮ರಲ್ಲಿ ‘ಸೈನ್ಸ್’ ಎಂಬ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದು ಆರು ಖಂಡಗಳ ೬೨ ಜಾತಿಯ ಸಸ್ತನಿಗಳ ಮೇಲೆ ನಡೆದ ೭೬ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಮನುಷ್ಯನ ಓಡಾಟ ಹೆಚ್ಚಿದ ಕಡೆಗಳಲ್ಲಿ ಪ್ರಾಣಿಗಳ ರಾತ್ರಿಯ ಚಟುವಟಿಕೆಯು ಸರಾಸರಿ ೧.೩೬ ಪಟ್ಟು ಹೆಚ್ಚಿತ್ತು. ಎಂದರೆ, ಹಗಲು ಅರ್ಧ ರಾತ್ರಿ ಅರ್ಧ ತಿರುಗಾಡುತ್ತಿದ್ದ ಪ್ರಾಣಿಯು ತನ್ನ ತಿರುಗಾಟದ ನೂರರಲ್ಲಿ ೬೮ ಪಾಲನ್ನು ರಾತ್ರಿಗೆ ವರ್ಗಾಯಿಸಿಕೊಂಡಿತ್ತು. ಸೋಜಿಗವೇನೆಂದರೆ, ಕೋವಿ ಹಿಡಿದವನಿಗೂ ಸುಮ್ಮನೆ ನಡೆದುಹೋಗುವವನಿಗೂ ಪ್ರಾಣಿಗಳು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಹಿಂಜರಿದಿದ್ದುವು. ಕಾಡುಕೋಣವು ಗದ್ದಲವಿಲ್ಲದ ಕಡೆ ಬೆಳಗ್ಗೆಯೂ ಸಂಜೆಯೂ ಬಯಲಿನಲ್ಲಿ ಮೇಯುವ ಪ್ರಾಣಿ. ಕಾಟ ಹೆಚ್ಚಿದ ಕಡೆ ಅದು ರಾತ್ರಿಯ ಪ್ರಾಣಿಯಾಗುತ್ತದೆ. ವಿಟ್ಲದ ಆಸುಪಾಸಿನಲ್ಲಿ ನಮಗೆ ದಿನವೂ ಪರಿಚಯವಿರುವ ಕಾಡುಹಂದಿಯ ಕತೆಯೂ ಇದೇ. ಹಗಲು ಪೊದೆಯಲ್ಲಿ ಮಲಗಿ ರಾತ್ರಿ ಗದ್ದೆಗಿಳಿಯುವುದು ಅದರ ಹುಟ್ಟುಗುಣವೆಂದು ನಾವು ತಿಳಿದಿದ್ದೇವೆ. ಕಾಟವಿಲ್ಲದ ಕಾಡುಗಳಲ್ಲಿ ಅದು ಹಗಲಿನಲ್ಲಿಯೂ ಮರಿಗಳೊಡನೆ ಮಣ್ಣು ಕೆದಕುತ್ತಾ ಓಡಾಡುತ್ತದೆ. ಕತ್ತಲೆಯನ್ನು ಅದಕ್ಕೆ ಕಲಿಸಿದವರು ಬಹುಮಟ್ಟಿಗೆ ನಾವು. ಇದರಿಂದ ನಮಗಾದ ಲಾಭವಾದರೂ ಏನು? ಹಗಲು ಕಣ್ಣಿಗೆ ಕಾಣುತ್ತಿದ್ದ ಪ್ರಾಣಿಯು ಈಗ ಬೆಳಗಿನ ಜಾವದ ಮಬ್ಬಿನಲ್ಲಿ, ಹಾಲು ಕೊಡಲು ಹೋಗುವವರಿಗೂ ರಬ್ಬರು ಟ್ಯಾಪಿಂಗಿಗೆ ಹೊರಟವರಿಗೂ ದಾರಿಯ ತಿರುವಿನಲ್ಲಿ ಎದುರಾಗುತ್ತದೆ.

ಇನ್ನು ತಾಣ. ಹಿಂಡು ಎಲ್ಲಿ ಹುಲ್ಲು ಹೆಚ್ಚೋ ಅಲ್ಲಿರುತ್ತದೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಎಲ್ಲಿ ಭಯ ಕಡಮೆಯೋ ಅಲ್ಲಿರುತ್ತದೆ. ಬಂಡೀಪುರಕ್ಕೆ ಹೋದವರು ಅರಣ್ಯ ಇಲಾಖೆಯ ವಸತಿಗೃಹಗಳ ಸುತ್ತಲಿನ ಬಯಲಿನಲ್ಲಿ ಜಿಂಕೆಗಳ ಹಿಂಡು ಸಂಜೆಗೆ ಬಂದು ಸೇರುವುದನ್ನು ಕಂಡಿರಬಹುದು. ಅಲ್ಲಿಯ ಮನುಷ್ಯನು ಕಲ್ಲೆಸೆಯುವುದಿಲ್ಲ, ಹುಲಿಯು ದೀಪವಿರುವಲ್ಲಿಗೆ ಸುಲಭವಾಗಿ ಬರುವುದಿಲ್ಲ. ಆದುದರಿಂದ ಮನುಷ್ಯನೇ ಅವುಗಳಿಗೆ ಬೇಲಿಯಾದನು. ಇದನ್ನು ಕಂಡು ‘ಪ್ರಾಣಿಗಳಿಗೆ ನಮ್ಮಿಂದ ತೊಂದರೆಯೇ ಇಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ಆದರೆ ಒಂದೇ ಪ್ರಾಣಿಯು ಒಂದು ಕಡೆ ನಮ್ಮನ್ನು ಆಶ್ರಯಿಸುವುದೂ ಇನ್ನೊಂದು ಕಡೆ ನಮ್ಮಿಂದ ಓಡುವುದೂ ನಮ್ಮ ನಡತೆಯನ್ನು ಅದು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆಂಬುದಕ್ಕೆ ಸಾಕ್ಷಿ. ಆಫ್ರಿಕದ ಕೆನ್ಯಾ ದೇಶದ ಅಂಬೋಸೆಲಿಯಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆನೆಗಳಿಗೆ ಮನುಷ್ಯರ ಧ್ವನಿಮುದ್ರಣಗಳನ್ನು ಕೇಳಿಸಿದರು. ತಮ್ಮೊಡನೆ ಆಗಾಗ ಭರ್ಜಿಯ ಘರ್ಷಣೆಗಿಳಿಯುವ ಮಸಾಯಿ ಗಂಡಸರ ದನಿ ಕೇಳಿದಾಗ ಹಿಂಡು ಒತ್ತೊತ್ತಾಗಿ ಕೂಡಿ ಹಿಂದೆ ಸರಿಯಿತು. ಬೇಸಾಯಗಾರರಾದ ಕಾಂಬಾ ಜನರ ದನಿಗೂ, ಮಸಾಯಿ ಹೆಂಗಸರು ಮಕ್ಕಳ ದನಿಗೂ ಅಷ್ಟು ಬೆದರಲಿಲ್ಲ. ಮನುಷ್ಯನ ಭಾಷೆ, ಲಿಂಗ, ವಯಸ್ಸುಗಳನ್ನು ಕಿವಿಯಿಂದಲೇ ಗುರುತಿಸಬಲ್ಲ ಪ್ರಾಣಿಯನ್ನು ನಾವು ಗರ್ನಾಲಿನ ಸದ್ದೊಂದರಿಂದಲೇ ಆಳುತ್ತೇವೆಂದು ನಂಬುವುದು ನಮ್ಮ ಜಾಣತನಕ್ಕೆ ಶೋಭೆ ತರುವುದಿಲ್ಲ. ಮೊದಲ ವಾರ ಗರ್ನಾಲಿಗೆ ಓಡಿದ ಆನೆಯು ಅದರಿಂದ ಪೆಟ್ಟೇನೂ ಬೀಳುವುದಿಲ್ಲವೆಂದು ಕಂಡುಕೊಂಡರೆ ಮುಂದೆ ಬಾಳೆಯ ಗಿಡವನ್ನು ಸಾವಕಾಶವಾಗಿ ತಿಂದು ಮುಗಿಸಿಯೇ ಹೋಗುತ್ತದೆ. ವಿದ್ಯುತ್ ತಂತಿಯ ಬೇಲಿಯನ್ನು ಸಲಗಗಳು ದಂತದಿಂದ ಕಿತ್ತೆಸೆಯುವುದೂ, ಮರ ಉರುಳಿಸಿ ತಂತಿ ಹರಿಯುವುದೂ ಇಂಥ ಕಲಿಕೆಯ ಫಲವೇ.

ಮೂರನೆಯದು ಸಹವಾಸ. ಇದು ಎಲ್ಲಕ್ಕಿಂತ ಗಂಭೀರವಾದುದು. ಪ್ರೊ. ರಾಮನ್ ಸುಕುಮಾರ್ ಅವರು ೧೯೮೦ರ ದಶಕದಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳನ್ನು ಅಭ್ಯಾಸಮಾಡಿ, ಹೊಲಗದ್ದೆಗಳಿಗೆ ನುಗ್ಗುವುದರಲ್ಲಿ ಬೆಳೆದ ಗಂಡಾನೆಗಳು ಹಿಂಡಿನ ಆನೆಗಳಿಗಿಂತ ಬಹಳ ಮುಂದಿರುವುದನ್ನು ತೋರಿಸಿಕೊಟ್ಟರು. ಮರಿಗಳಿರುವ ಹಿಂಡು ಅಪಾಯಕ್ಕೆ ಅಂಜುತ್ತದೆ. ಒಂಟಿ ಸಲಗವು ಪಣವೊಡ್ಡುತ್ತದೆ. ಆಗ ಅವು ಒಂಟಿಯಾಗಿದ್ದುವು. ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ದಕ್ಷಿಣ ಭಾರತದ ಊರುಕೇರಿಗಳ ನಡುವಿನ ಭೂಭಾಗಗಳಲ್ಲಿ ೨೪೮ ಗಂಡಾನೆಗಳನ್ನು ಛಾಯಾಚಿತ್ರಗಳಿಂದ ಗುರುತಿಸಿ ಒಂದು ಹೊಸ ಸಂಗತಿಯನ್ನು ಹೇಳಿತು. ಕಾಡು ಕಡಮೆಯಾಗಿ ಬೆಳೆಭೂಮಿ ಹೆಚ್ಚಾಗಿರುವ ಕಡೆಗಳಲ್ಲಿ ಎಳೆಪ್ರಾಯದ ಗಂಡಾನೆಗಳು ತಮ್ಮತಮ್ಮಲ್ಲೇ ತಂಡ ಕಟ್ಟಿಕೊಂಡು ಬಹುಕಾಲ ಜೊತೆಯಾಗಿಯೇ ಬಾಳುತ್ತಿವೆ. ಸ್ವಭಾವತಃ ಒಂಟಿಯಾಗಿ ಅಲೆಯಬೇಕಾದ ಪ್ರಾಣಿಯು ಮನುಷ್ಯನ ಭಯಕ್ಕೂ ಅವನ ಬೆಳೆಯ ರುಚಿಗೂ ಸಿಕ್ಕಿ ತನ್ನ ಸಮಾಜವ್ಯವಸ್ಥೆಯನ್ನೇ ತಿದ್ದಿಕೊಂಡಿತು. ಇದಕ್ಕೆ ವಿರುದ್ಧವಾದುದೂ ಉಂಟು. ಮೂರು ಕಡೆಯಿಂದ ಜನರು ಬೊಬ್ಬೆ ಹೊಡೆದು ಹಿಂಡನ್ನು ಓಡಿಸುವಾಗ ತಾಯಿ ಒಂದು ಗುಡ್ಡೆಗೂ ಮರಿ ಇನ್ನೊಂದು ತೋಡಿಗೂ ಬೀಳುತ್ತವೆ. ಮರಿಯನ್ನು ಹುಡುಕುವ ತಾಯಿಯಾನೆಗಿಂತ ಅಪಾಯಕಾರಿಯಾದ ಪ್ರಾಣಿಯು ಕಾಡಿನಲ್ಲಿ ಇನ್ನೊಂದಿಲ್ಲ.

ಭಯದ ಬೆಲೆಯು ಸಾವಿನ ಲೆಕ್ಕದಲ್ಲಿ ಕಾಣಿಸುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಹತ್ತು ಸಲ ತಲೆಯೆತ್ತಿ ನೋಡುವ ಜಿಂಕೆಯು ಹತ್ತು ಬಾಯಿ ಹುಲ್ಲನ್ನು ಕಳೆದುಕೊಳ್ಳುತ್ತದೆ. ಹಾಗೆ ಕಳೆದುಕೊಂಡುದು ಹಾಲಿನಲ್ಲಿ ಕಡಮೆಯಾಗುತ್ತದೆ. ಹಾಲು ಕಡಮೆಯಾದರೆ ಮರಿಯು ಸೊರಗುತ್ತದೆ. ಯಾರೂ ಕೊಲ್ಲದೆಯೇ ಹಿಂಡು ಕ್ಷೀಣಿಸುತ್ತದೆ. ಕೆಲವು ವೇಳೆ ಭಯವು ನೇರವಾಗಿಯೂ ಕೊಲ್ಲುತ್ತದೆ. ೨೦೨೦ರ ಮೇ ತಿಂಗಳಲ್ಲಿ, ಕೊರೋನಾದ ದಿಗ್ಬಂಧನದಿಂದ ಬೀದಿಗಳು ಬರಿದಾಗಿದ್ದ ಹೊತ್ತಿನಲ್ಲಿ, ಕಾಡುಕೋಣವೊಂದು ಮಂಗಳೂರು ನಗರದ ನಡುವಿಗೇ ಬಂದುದನ್ನು ನಾವು ಮರೆತಿಲ್ಲ. ಜನರು ಮನೆಮಾಳಿಗೆಗಳಿಂದ ಮೊಬೈಲಿನಲ್ಲಿ ಚಿತ್ರ ತೆಗೆದರು. ಅರಿವಳಿಕೆ ಕೊಟ್ಟು ಹಿಡಿದು ಅದನ್ನು ಘಟ್ಟದ ಕಾಡಿಗೆ ಸಾಗಿಸಿದರು. ಅದು ಬದುಕಿ ಉಳಿಯಲಿಲ್ಲ. ಇಂಥ ದೊಡ್ಡ ಮೃಗಗಳು ಅತಿಯಾಗಿ ಬೆದರಿ, ಓಡಿ, ದಣಿದಾಗ ಅವುಗಳ ಮಾಂಸಖಂಡವೇ ಒಳಗಿಂದೊಳಗೆ ಕೆಟ್ಟು ವಿಷವಾಗುವುದುಂಟೆಂದು ಪಶುವೈದ್ಯರು ಹೇಳುತ್ತಾರೆ. ಹಿಡಿಯುವವರ ಕೈಚಳಕವೆಷ್ಟಿದ್ದರೂ ಅದಕ್ಕೆ ಮೊದಲಿನ ಗದ್ದಲವು ಮಾಡಬೇಕಾದುದನ್ನು ಮಾಡಿ ಮುಗಿಸಿರಬಹುದು.

ಈ ಗದ್ದಲವು ಇಂದು ಮೊದಲಾದುದೇನೂ ಅಲ್ಲ. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯು ೧೮೭೪ರಲ್ಲಿ ಖೆಡ್ಡಾ ನಡೆಯಿಸಿ ಆನೆಗಳ ಹಿಂಡನ್ನೇ ಹಿಡಿದನು. ತಮಟೆ, ಬೆಂಕಿ, ಬೊಬ್ಬೆಗಳಿಂದ ಹಿಂಡನ್ನು ಕಂದಕದೊಳಗೆ ಅಟ್ಟುವ ಆ ಪದ್ಧತಿಯು ಕಾಕನಕೋಟೆಯಲ್ಲಿ ೧೯೭೧ರವರೆಗೆ ನಡೆದು ನಿಂತಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಿತು. ೧೯೭೩ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಕಾಕನಕೋಟೆಯ ಕಾಡಿನ ಭಾಗವು ನೀರಿನಡಿಗೆ ಹೋಯಿತು. ಇಂದು ಬೇಸಗೆಯಲ್ಲಿ ಕಬಿನಿಯ ಹಿನ್ನೀರು ತಗ್ಗಿದಾಗ ಚಿಗುರುವ ಹುಲ್ಲಿಗೆ ನೂರಾರು ಆನೆಗಳು ಬಂದು ಸೇರುತ್ತವೆ. ಹಿಡಿದು ಮಾರುವ ಗದ್ದಲವು ನಿಂತ ಕಡೆಯಲ್ಲಿಯೇ ಹಿಂಡು ಮರಳಿ ಬಯಲಿಗೆ ಬಂದಿರುವುದು ಗಮನಾರ್ಹವಾದುದು. ಭಯವನ್ನು ಕಲಿತ ಪ್ರಾಣಿಯು ಧೈರ್ಯವನ್ನೂ ಕಲಿಯಬಲ್ಲುದು. ಕಾಲ ಮಾತ್ರ ಬೇಕು.

ಅರ್ಥಶಾಸ್ತ್ರದ ವಿಷಯವೆಂದು ಮೊದಲೇ ಹೇಳಿದೆನಷ್ಟೆ. ಅದಕ್ಕೊಂದು ಉದಾಹರಣೆ. ಬಂಡೀಪುರದ ಅಂಚಿನಲ್ಲಿ ಹಂಗಳವೆಂಬ ಗ್ರಾಮವಿದೆ. ಅಲ್ಲಿಯ ದನಗಳು ಕಾಡಿನಲ್ಲಿ ಮೇಯುತ್ತಿದ್ದುವು. ಸಗಣಿಯು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ದೂರದ ಬ್ರೆಜಿಲಿನಲ್ಲಿ ಹಿಮಬಿದ್ದು ಕಾಫಿ ಕೆಟ್ಟಾಗ ಇಲ್ಲಿಯ ಕಾಫಿಗೆ ಬೆಲೆ ಏರಿತು. ಘಟ್ಟದ ಕಾಫಿತೋಟದವರು ಗೊಬ್ಬರ ಹುಡುಕಿಕೊಂಡು ಬಂದರು. ಸಗಣಿಯು ಮಾರಾಟದ ಸರಕಾಯಿತು. ಸಗಣಿಗಾಗಿಯೇ ದನ ಸಾಕುವುದೂ ಕಾಡಿನಲ್ಲಿ ಮೇಯಿಸುವುದೂ ಹೆಚ್ಚಿತು. ಎಂ. ಡಿ. ಮಧುಸೂದನ್ ಎಂಬ ವಿಜ್ಞಾನಿಯು ೨೦೦೫ರಲ್ಲಿ ಈ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಬ್ರೆಜಿಲಿನ ಹಿಮಕ್ಕೂ ಬಂಡೀಪುರದ ಕಾಟಿಯ ಮೇವಿಗೂ ಸಂಬಂಧವುಂಟೆಂದು ಯಾರು ಊಹಿಸಿದ್ದರು? ಸಾಕುದನದ ಬೆನ್ನಿಗೆ ರೋಗವೂ ಕಾಡಿಗೆ ಹೋಗುತ್ತದೆ. ದೊಡ್ಡರೋಗವು ನಮ್ಮ ಹಿರಿಯರ ಕಾಲದಲ್ಲಿ ಹಟ್ಟಿಗಳನ್ನು ಬರಿದುಮಾಡಿದಂತೆಯೇ ಕಾಟಿಗಳ ಹಿಂಡುಗಳನ್ನೂ ಬರಿದುಮಾಡುತ್ತಿತ್ತು. ೨೦೧೧ರಲ್ಲಿ ಜಗತ್ತಿನಿಂದಲೇ ಅದು ನಿರ್ಮೂಲವಾಯಿತೆಂದು ಸಾರಲಾದುದು ದನಗಳಿಗೂ ಕಾಟಿಗಳಿಗೂ ಸಮಾನವಾಗಿ ಸಂದ ಭಾಗ್ಯ.

ರಸ್ತೆಯ ಪ್ರಶ್ನೆಗೆ ಬರೋಣ. ಬಂಡೀಪುರದ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ವಾಹನಗಳನ್ನು ನಿಲ್ಲಿಸುವ ಕ್ರಮವು ೨೦೦೯ರಲ್ಲಿ ಜಾರಿಗೆ ಬಂದಿತು; ೨೦೧೦ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಇದರ ಮೇಲೆ ವಾದವಿವಾದ ಬಹಳ ನಡೆದಿದೆ. ವಯನಾಡಿನ ವ್ಯಾಪಾರಿಗಳ ಕಷ್ಟವೂ ಕಷ್ಟವೇ. ಆದರೆ ಹಗಲನ್ನು ಪೂರ್ತಿಯಾಗಿ ನಾವು ತೆಗೆದುಕೊಂಡ ಮೇಲೆ ರಾತ್ರಿಯ ಒಂಬತ್ತು ಗಂಟೆಗಳನ್ನು ಹಿಂಡಿಗೆ ಬಿಟ್ಟುಕೊಡುವುದು ದಾನವೆನಿಸಲಾರದು, ಅದು ಪಾಲುಪಟ್ಟಿ. ಅಣ್ಣತಮ್ಮಂದಿರ ಪಾಲಿನಲ್ಲಿ ಇದಕ್ಕಿಂತ ಕಡಮೆ ಕೊಟ್ಟರೆ ಪಂಚಾಯತಿಯವರು ಒಪ್ಪುತ್ತಿದ್ದರೆ?

ನಮ್ಮ ಜಿಲ್ಲೆಯ ಮಾತೇನು? ನಮ್ಮ ಮೂಡಣಕ್ಕೆ ಚಾರ್ಮಾಡಿ, ಶಿರಾಡಿ, ಬಿಸಿಲೆಗಳ ಘಟ್ಟಸಾಲು ನಿಂತಿದೆ. ಸಕಲೇಶಪುರ ಸುಬ್ರಹ್ಮಣ್ಯಗಳ ನಡುವೆ ೧೯೭೯ರಲ್ಲಿ ರೈಲು ಬಂದಿತು. ಹೆದ್ದಾರಿಗಳು ಅಗಲವಾದುವು. ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗಾಗಿ ಸಕಲೇಶಪುರದ ಕಾಡುಗುಡ್ಡಗಳಲ್ಲಿ ವರ್ಷಗಟ್ಟಲೆ ಯಂತ್ರಗಳು ಮೊಳಗಿ, ೨೦೨೪ರ ಸೆಪ್ಟೆಂಬರಿನಲ್ಲಿ ಅದರ ಮೊದಲನೆಯ ಹಂತದ ಉದ್ಘಾಟನೆಯಾಯಿತು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಯು ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ೨೦೦೫ರ ಕೊನೆಗೆ ನಿಂತುದೊಂದೇ ಇದಕ್ಕೆ ಎದುರಾದ ಸಂಗತಿ. ಇತ್ತ ಬೈಲಿನಲ್ಲಿ ನಾವೂ ಸುಮ್ಮನೆ ಕುಳಿತಿಲ್ಲ. ಹಿಂದೆ ಸೊಪ್ಪು ಸೌದೆಗೆಂದು ಉಳಿದಿದ್ದ ಕುಮ್ಕಿಯ ಗುಡ್ಡೆಗಳು ಹಲವೆಡೆ ಅಡಿಕೆ ರಬ್ಬರುಗಳ ತೋಟಗಳಾಗಿವೆ. ಹಂದಿಗೆ ಹಗಲು ಮಲಗಲು ಬೇಕಾದ ಪೊದೆಯೂ, ಮಂಗನಿಗೆ ತಿನ್ನಲು ಬೇಕಾದ ಕಾಡುಹಣ್ಣೂ ಇದ್ದುದು ಆ ಕುಮ್ಕಿಯಲ್ಲಿಯೇ. ಅಡಿಕೆಯ ಧಾರಣೆ ಏರಿದಾಗ ನಾವು ಗುಡ್ಡೆಯ ನೆತ್ತಿಯವರೆಗೆ ಜೆಸಿಬಿ ಹತ್ತಿಸಿದೆವು. ಧಾರಣೆಯ ಪಟ್ಟಿಯಲ್ಲಿ ಹಂದಿಯ ಪಾಲು ಬರೆದಿರಲಿಲ್ಲ.

ಪರಿಣಾಮವು ಕೇವಲ ಬೆಳೆಹಾನಿಯಲ್ಲಿ ನಿಂತಿಲ್ಲ. ೨೦೨೩ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಒಂದೇ ಬೆಳಗ್ಗೆ ಇಬ್ಬರು ಕಾಡಾನೆಗೆ ಬಲಿಯಾದರು. ಆ ಎರಡು ಮನೆಗಳ ದುಃಖದ ಎದುರಿನಲ್ಲಿ ಮೃಗಗಳ ನಡತೆಯ ಕುರಿತು ಉಪನ್ಯಾಸ ಮಾಡುವುದು ಸಲ್ಲದೆಂದು ಯಾರಾದರೂ ಹೇಳಿದರೆ ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಮುಂದೆ ಇನ್ನೊಂದು ಮನೆಯಲ್ಲಿ ಅದೇ ದುಃಖ ಬಾರದಿರಬೇಕಾದರೆ ಆ ನಡತೆಯನ್ನು ತಿಳಿಯದೆ ಬೇರೆ ದಾರಿಯಿಲ್ಲ.

‘ಹಿಡಿದು ಸಾಗಿಸಿಬಿಡಿ’ ಎಂಬುದು ಸಾಮಾನ್ಯವಾದ ಬೇಡಿಕೆ. ಉಚ್ಚ ನ್ಯಾಯಾಲಯದ ಸೂಚನೆಯಂತೆ ನೇಮಕವಾದ ಕರ್ನಾಟಕ ಆನೆ ಕಾರ್ಯಪಡೆಯು ೨೦೧೨ರಲ್ಲಿ ವರದಿ ಕೊಟ್ಟು, ಆನೆಗಳಿಗೇ ಮೀಸಲಾದ ಪ್ರದೇಶ, ಮನುಷ್ಯರೂ ಆನೆಗಳೂ ಕೂಡಿ ಬಾಳಬೇಕಾದ ಪ್ರದೇಶ, ಆನೆಗಳನ್ನು ತೆರವುಮಾಡಬೇಕಾದ ಪ್ರದೇಶ ಎಂದು ಮೂರು ವಿಭಾಗಗಳನ್ನು ಸೂಚಿಸಿತು. ಆ ಬಳಿಕ ಹಾಸನ ಜಿಲ್ಲೆಯ ಆಲೂರಿನ ಕಡೆಯಿಂದ ಸುಮಾರು ಇಪ್ಪತ್ತು ಆನೆಗಳನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಆ ಜಾಗಕ್ಕೆ ಬೇರೆ ಆನೆಗಳು ಬಂದು ನೆಲಸಿದುವು. ತೆರವಾದ ಮನೆಗೆ ಬಾಡಿಗೆಯವರು ಬಂದಂತೆಯೇ ಇದು. ಮೇವೂ ನೀರೂ ಇರುವವರೆಗೆ ಬರುವವರನ್ನು ತಡೆಯಲಾಗದು. ‘ಬೇಲಿ ಹಾಕಿ’ ಎಂಬುದು ಎರಡನೆಯ ಬೇಡಿಕೆ. ಸರಿಯಾದ ಸ್ಥಳದಲ್ಲಿ ಬೇಲಿ ಬೇಕು, ಸಂಶಯವಿಲ್ಲ. ಆದರೆ ನಾಗರಹೊಳೆಯ ಅಂಚಿನಲ್ಲಿ ರೈಲುಹಳಿಗಳಿಂದ ಮಾಡಿದ ಬೇಲಿಯನ್ನು ದಾಟಲು ಹೋದ ಸಲಗವೊಂದು ೨೦೧೮ರ ಡಿಸೆಂಬರಿನಲ್ಲಿ ಅದರ ಮೇಲೆಯೇ ಸಿಕ್ಕಿ ಪ್ರಾಣಬಿಟ್ಟಿತು. ೨೦೨೩ರ ಗಣತಿಯಂತೆ ನಮ್ಮ ರಾಜ್ಯದಲ್ಲಿದ್ದ ಆನೆಗಳು ಸುಮಾರು ೬,೩೯೫. ಅಷ್ಟನ್ನೂ ಬೇಲಿಯೊಳಗಿಡುತ್ತೇವೆಂಬುದು ಬಾಯಿಮಾತು. ಮೂರನೆಯ ಬೇಡಿಕೆ ಕೋವಿಯದು. ನಮ್ಮ ಕಡೆ ಬೆಳೆರಕ್ಷಣೆಯ ಕೋವಿ ಹಲವು ಮನೆಗಳಲ್ಲಿದೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿಡಬೇಕೆಂಬ ಅಸಮಾಧಾನವೂ ಇದೆ. ಕೋವಿಯ ಸದ್ದಿಗೆ ಆ ರಾತ್ರಿ ತೋಟ ಉಳಿಯಬಹುದು. ಆದರೆ ನಾಯಿಗಳನ್ನು ಬಿಟ್ಟು ಅಟ್ಟಿದ ಹಂದಿಯ ಹಿಂಡು ಒಡೆದು ನಾಲ್ಕು ಗ್ರಾಮಗಳಿಗೆ ಹರಡುವುದುಂಟು. ಒಂದು ಕಡೆಯ ತೊಂದರೆ ನಾಲ್ಕು ಕಡೆಯದಾಗುತ್ತದೆ. ಕದ್ದು ಇಡುವ ಉರುಳಿನ ಮಾತಂತೂ ಬೇಡ. ಅದು ಹಂದಿಯನ್ನೂ ಚಿರತೆಯನ್ನೂ ನೆರೆಮನೆಯ ನಾಯಿಯನ್ನೂ ಬೇರ್ಪಡಿಸಿ ನೋಡಲಾರದು.

ಹಾಗಾದರೆ ಮಾಡತಕ್ಕದ್ದೇನು? ಮೃಗವನ್ನು ಪೂಜಿಸಬೇಕೆಂದೂ ಕೃಷಿಕನು ಸಹಿಸಿಕೊಳ್ಳಬೇಕೆಂದೂ ನಾನು ಹೇಳುವುದಿಲ್ಲ. ಪಟ್ಟಣದ ಮಾಳಿಗೆಯಲ್ಲಿ ಕುಳಿತು ಸಹನೆಯನ್ನು ಬೋಧಿಸುವುದು ಸುಲಭ; ಸಹನೆಯ ಖರ್ಚು ಮಾತ್ರ ಬೈಲಿನವನ ಕಿಸೆಯಿಂದ ಹೋಗುತ್ತದೆ. ಆದುದರಿಂದ ಮೊದಲನೆಯದಾಗಿ, ಬೆಳೆಹಾನಿಯ ಪರಿಹಾರವು ಬೆಳೆಯ ನಿಜವಾದ ಬೆಲೆಗೆ ಸರಿಯಾಗಿ, ಅಲೆದಾಡಿಸದೆ, ಅದೇ ಹಂಗಾಮಿನಲ್ಲಿ ಕೈಸೇರಬೇಕು. ಅಡಿಕೆಯ ಮರವು ಫಲಕ್ಕೆ ಬರಲು ಐದಾರು ವರ್ಷ ಬೇಕು. ಪರಿಹಾರದ ಲೆಕ್ಕದಲ್ಲಿ ಆ ವರ್ಷಗಳೂ ಸೇರಬೇಕು. ಎರಡನೆಯದಾಗಿ, ಹಾಸನ ಜಿಲ್ಲೆಯಲ್ಲಿ ಆನೆಗಳಿರುವ ಜಾಗವನ್ನು ಮೊಬೈಲಿನ ಸಂದೇಶಗಳಿಂದಲೂ ರಸ್ತೆಬದಿಯ ದೀಪದ ಫಲಕಗಳಿಂದಲೂ ಜನರಿಗೆ ಮುಂದಾಗಿ ತಿಳಿಸುವ ಏರ್ಪಾಡು ನಡೆದಿದೆ. ಅಲ್ಲಿ ಕೆಲವು ಹೆಣ್ಣಾನೆಗಳಿಗೆ ರೇಡಿಯೋ ಪಟ್ಟಿ ತೊಡಿಸಿ ಹಿಂಡಿನ ಜಾಡನ್ನು ಹಿಡಿಯುತ್ತಾರೆ; ‘ಬೀಟಮ್ಮ’ನ ಹಿಂಡು ಎಲ್ಲಿದೆಯೆಂದು ಕಾಫಿತೋಟದ ಆಳುಗಳಿಗೂ ಗೊತ್ತು. ಕಡಬ, ಸುಳ್ಯ, ಬೆಳ್ತಂಗಡಿಗಳ ಗ್ರಾಮಗ್ರಾಮಕ್ಕೂ ಅಂಥ ಮುನ್ನೆಚ್ಚರಿಕೆ ತಲುಪಬೇಕು. ಮೂರನೆಯದಾಗಿ, ಹಿಂಡನ್ನು ಅಟ್ಟಲೇಬೇಕಾದಾಗ ಒಂದು ದಿಕ್ಕನ್ನು ತೆರೆದಿಟ್ಟು, ಮರಿಗಳಿದ್ದರೆ ಕತ್ತಲಾಗುವವರೆಗೆ ಕಾದು, ತಿಳಿದವರಿಂದಲೇ ಅಟ್ಟಿಸಬೇಕು. ಈ ಗ್ರಾಮದವರು ಆ ಗ್ರಾಮಕ್ಕೂ ಆ ಗ್ರಾಮದವರು ಈ ಗ್ರಾಮಕ್ಕೂ ಅಟ್ಟುತ್ತಿದ್ದರೆ ಆನೆಯು ಹುಚ್ಚಾಗದೆ ಮತ್ತೇನಾದೀತು?

ನಾಲ್ಕನೆಯ ಮಾತು ನೇರವಾಗಿ ನನ್ನ ಸಹಪಾಠಿಗಳಿಗೆ. ಮಳೆಗಾಲದಲ್ಲಿ ಚಾರ್ಮಾಡಿಯ ಜಲಪಾತಗಳನ್ನು ನೋಡಲು ನಮ್ಮಲ್ಲಿ ಬಹುಮಂದಿ ಬೈಕಿನಲ್ಲಿ ಹೋಗುತ್ತಾರೆ. ಹೋಗುವುದು ತಪ್ಪಲ್ಲ. ಆದರೆ ರಸ್ತೆಯಂಚಿನಲ್ಲಿ ಕಾಟಿಯೋ ಆನೆಯೋ ಕಂಡರೆ ವಾಹನ ನಿಲ್ಲಿಸಿ, ಹಾರನ್ನು ಒತ್ತಿ, ದೀಪ ಹಾಯಿಸಿ, ಅದು ತಲೆಯೆತ್ತಿ ನೋಡಿದಾಗ ಚಿತ್ರ ತೆಗೆದು ಹಂಚುವುದಿದೆಯಲ್ಲ, ಅದು ಶೌರ್ಯವಲ್ಲ. ಆ ದಿನ ಬೆದರಿದ ಪ್ರಾಣಿಯು ಮರುದಿನ ಬೆಳಗ್ಗೆ ಅದೇ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಬರುವ ಯಾವನೋ ಬಡವನ ಮೇಲೆ ತನ್ನ ಸಿಟ್ಟನ್ನು ತೀರಿಸಬಹುದು. ನಮ್ಮ ಮೋಜಿನ ಸಾಲವನ್ನು ಅವನು ತೀರಿಸಬೇಕಾಗುತ್ತದೆ.

ಐದನೆಯದು ಒಂದು ಸಲಹೆ. ನಮ್ಮ ಅಧ್ಯಾಪಕರೂ ಪರ್ಯಾಲೋಚಿಸಬೇಕೆಂದು ವಿನಂತಿ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ರಸ್ತೆ ದುರಸ್ತಿಮಾಡುತ್ತೇವೆ, ಗಿಡ ನೆಡುತ್ತೇವೆ. ಅದರೊಡನೆ ಇನ್ನೊಂದು ಕೆಲಸವನ್ನು ಸೇರಿಸಿಕೊಳ್ಳಬಾರದೇಕೆ? ಗ್ರಾಮಕ್ಕೊಂದರಂತೆ ಪುಸ್ತಕವಿಟ್ಟು, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪ್ರಾಣಿ, ಎಷ್ಟು, ಮರಿಗಳಿದ್ದುವೆ, ಎತ್ತಲಿಂದ ಬಂದು ಎತ್ತ ಹೋದುವು, ಏನು ತಿಂದುವು, ಆಗ ಜನರು ಏನು ಮಾಡಿದರು ಎಂಬುದನ್ನು ಬರೆದಿಡಬೇಕು. ಮೂರು ವರ್ಷ ಬರೆದರೆ ಅದು ಆ ಗ್ರಾಮದ ಪಂಚಾಂಗವಾಗುತ್ತದೆ. ಯಾವ ತಿಂಗಳಲ್ಲಿ ಎಚ್ಚರವಿರಬೇಕು, ಯಾವ ದಾರಿಯನ್ನು ತೆರೆದಿಡಬೇಕು, ಯಾವ ಉಪಾಯವು ಫಲಿಸಿತು, ಯಾವುದು ಹಿಂಡನ್ನು ಕೆರಳಿಸಿತು ಎಂಬುದನ್ನು ಅದು ಹೇಳುತ್ತ ಹೋಗುತ್ತದೆ. ಪರಿಹಾರ ಕೇಳುವ ಕೃಷಿಕನಿಗೂ ಅದು ಸಾಕ್ಷಿಯಾಗುತ್ತದೆ. ಇದಕ್ಕೆ ಹಣ ಬೇಡ. ಎರಡು ರೂಲುಪುಸ್ತಕ, ಒಂದು ಪೆನ್ನು, ಒಪ್ಪವಾದ ಬರವಣಿಗೆ ಇಷ್ಟು ಸಾಕು.

ಕಾಡಿನಂಚಿನ ನಮ್ಮ ಹಿರಿಯರಿಗೆ ಮೃಗಗಳ ನಡತೆ ಗೊತ್ತಿರಲಿಲ್ಲವೆಂದಲ್ಲ. ಯಾವ ಮಾಸದಲ್ಲಿ ಹಂದಿ ಇಳಿಯುತ್ತದೆ, ಹೆಜ್ಜೆಯ ಗುರುತು ಎಷ್ಟು ಹಳತು, ಬುಸುಗುಟ್ಟಿದರೆ ಯಾವ ಕಡೆಗೆ ಸರಿಯಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಅದನ್ನು ಬರೆದಿಡಲು ಅವರಲ್ಲಿ ಬಹುಮಂದಿಗೆ ಅಕ್ಷರವಿರಲಿಲ್ಲ. ಅಕ್ಷರ ಬಂದ ನಾವು ಆ ತಿಳಿವಳಿಕೆಯನ್ನು ಕೇಳಿ ತಿಳಿಯದೆ ಪದವಿಯ ಕಾಗದವೊಂದನ್ನೇ ಹಿಡಿದು ಊರು ಬಿಟ್ಟರೆ, ಹಿರಿಯಳನ್ನು ಕಳೆದುಕೊಂಡ ಆನೆಯ ಹಿಂಡಿಗೂ ನಮಗೂ ಹೆಚ್ಚಿನ ಭೇದವುಳಿಯದು. ಹಿಂಡಿನ ಪ್ರಾಣಿಗಳು ನಮ್ಮ ಸದ್ದನ್ನು ನೂರಾರು ವರ್ಷಗಳಿಂದ ಕಿವಿಗೊಟ್ಟು ಕೇಳಿ ನಮ್ಮನ್ನು ಅರಿತಿವೆ. ಅವುಗಳನ್ನು ಅರಿಯುವ ಸರದಿ ಈಗ ನಮ್ಮದು. ಅದಕ್ಕೆ ಮೊದಲು ನಾವು ಸ್ವಲ್ಪ ಸದ್ದು ಕಡಮೆಮಾಡಬೇಕು.